ಕೆರೆಯ ದಂಡೆಯಲ್ಲಿ ಹನ್ನೆರಡು ತಿಂಗಳು

ಶಾಲೆ-ಕಾಲೇಜುಗಳಿಗೆ ಸೂಟಿ ಬಿದ್ದೊಡನೆ ‘ಎಲ್ಲಿಗೆ ಹೋಗೋಣ?’ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಹುಟ್ಟುವದು. ಒಬ್ಬರು ಗೋವೆಯ ಕಡಲನ್ನು ನೆನೆದರೆ ಇನ್ನೊಬ್ಬರು ದಾಂಡೇಲಿಯ ಕಾಡನ್ನು ನೆನೆಯುವರು. ಮನೆಯಿಂದ ಬುತ್ತಿ ಕಟ್ಟಿಕೊಂಡು ಅರ್ಧ ತಾಸಿನಲ್ಲಿ ಮುಟ್ಟಬಹುದಾದ ಕೆರೆಯ ದಂಡೆಯ ಹೆಸರನ್ನು ಎತ್ತುವವರು ವಿರಳ. ಎತ್ತಿದರೂ ‘ಕೆರೆಯಲ್ಲಿ ನೋಡುವಂಥದೇನಿದೆ?’ ಎಂಬ ಮಾತು ಬಂದೇ ಬರುವದು.

ಯುರೋಪಿನ ಬಡಗಣ ಅಂಚಿನಲ್ಲಿರುವ ಫಿನ್ಲಂಡ್ ದೇಶದ ಜನರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ ಐದು ಗುಂಟೆಗಿಂತ ದೊಡ್ಡವಾದ ಸರೋವರಗಳು ಹೆಚ್ಚುಕಡಿಮೆ 1,88,000 ಇವೆ; ಎಂದರೆ ಮೂವತ್ತು ಜನಕ್ಕೆ ಒಂದರಂತೆ! ಊರಿನಿಂದ ದೂರ, ನೀರಿನ ದಂಡೆಗೆ ಅಥವಾ ಕಾಡಿನ ಮಗ್ಗುಲಿಗೆ ಕಟ್ಟಿಕೊಂಡ ಮರದ ಚಿಕ್ಕ ಮನೆಗಳು ಸುಮಾರು 5 ಲಕ್ಷ. ಇಂಥ ಮನೆಗೆ ಅವರು ‘ಮೊಕ್ಕಿ’ ಎನ್ನುವರು. ಬೇಸಗೆಯಲ್ಲಿ ಈಜಲು, ಶರದೃತುವಿನಲ್ಲಿ ಅಣಬೆಗಳನ್ನೂ ಕಾಡುಹಣ್ಣುಗಳನ್ನೂ ಆರಿಸಲು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದಾಡಲು, ವಸಂತದಲ್ಲಿ ಮಂಜುಗಡ್ಡೆ ಒಡೆಯುವದನ್ನು ನೋಡಲು, ಹೀಗೆ ವರ್ಷದ ನಾಲ್ಕು ಕಾಲಗಳಲ್ಲಿಯೂ ಅವರಿಗೆ ಅದೇ ದಂಡೆ, ಅದೇ ನೀರು. ಆದರೂ ಪ್ರತಿಸಲವೂ ಹೊಸ ನೋಟ.

ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತಲೂ ಇಂಥ ದಂಡೆಗಳಿಲ್ಲದೆ ಇಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ಹಿಂದೆ ನಗರಕ್ಕೆ ಕುಡಿಯುವ ನೀರು ಕೊಟ್ಟ ಉಣಕಲ್ ಕೆರೆಯಿದೆ. ಧಾರವಾಡದ ಪಡುವಣ ಅಂಚಿನಲ್ಲಿ ಕೆಲಗೇರಿಯ ಕೆರೆಯಿದೆ. ವರಕವಿ ಬೇಂದ್ರೆಯವರ ವಾಸದಿಂದ ಹೆಸರಾದ ಸಾಧನಕೇರಿಯ ಕೆರೆಯಿದೆ. ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ ಧುಮ್ಮವಾಡದ ಹತ್ತಿರ ಬೇಡ್ತಿ ಹೊಳೆಗೆ ಕಟ್ಟಿದ ನೀರಸಾಗರವೂ, ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಗ್ರಾಮದ ಕೆರೆಯೂ ಇವೆ. ಈ ನೀರುಗಳ ದಂಡೆಯಲ್ಲಿ ನಾವು ವರ್ಷದ ಹನ್ನೆರಡು ತಿಂಗಳು ಸೂಟಿಯ ದಿನಗಳನ್ನು ಕಳೆದರೆ ಏನೇನು ಕಂಡೇವು? ಫಿನ್ಲಂಡಿನ ಸರೋವರವನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ವಿಚಾರಿಸೋಣ.

ಹಿಮನದಿಯ ಕೂಸು, ಮನುಷ್ಯನ ಕೂಸು

ಮೊದಲು ಹುಟ್ಟಿನ ಕಥೆ. ಫಿನ್ಲಂಡಿನ ಸರೋವರಗಳನ್ನು ಯಾರೂ ತೋಡಲಿಲ್ಲ. ಹಿಂದಿನ ಹಿಮಯುಗದಲ್ಲಿ ಆ ನಾಡನ್ನೆಲ್ಲ ಅತಿ ದಪ್ಪವಾದ ಹಿಮದ ಹಾಸು ಮುಚ್ಚಿಕೊಂಡಿತ್ತು. ಅದು ಮೆಲ್ಲಮೆಲ್ಲನೆ ಜರುಗುತ್ತ ಬಂಡೆಗಳನ್ನು ಉಜ್ಜಿ ತಗ್ಗುಗಳನ್ನು ಮಾಡಿತು. ಕರಗುವಾಗ ತಾನು ಹೊತ್ತುತಂದ ಕಲ್ಲು-ಮರಳುಗಳನ್ನು ಅಲ್ಲಲ್ಲಿ ಒಡ್ಡಾಗಿ ಸುರಿಯಿತು. ಸುಮಾರು 10,000 ವರ್ಷಗಳ ಹಿಂದೆ ಹಿಮವು ಹಿಂದೆ ಸರಿದಾಗ ಆ ತಗ್ಗುಗಳಲ್ಲಿ ನೀರು ನಿಂತಿತು. ಎಲ್ಲಕ್ಕೂ ದೊಡ್ಡದಾದ ಸೈಮಾ ಸರೋವರದ ವಿಸ್ತಾರ ಸುಮಾರು 4,400 ಚದರ ಕಿಲೋಮೀಟರು. ಹಿಮದ ಭಾರ ತೊಲಗಿದ್ದರಿಂದ ಕುಗ್ಗಿದ್ದ ನೆಲವು ಇಂದಿಗೂ ಏಳುತ್ತಲಿದೆ. ಪಡುವಣ ಕರಾವಳಿಯ ಕೆಲವೆಡೆ ವರ್ಷಕ್ಕೆ ಸುಮಾರು 9 ಮಿಲಿಮೀಟರಿನಂತೆ.

ನಮ್ಮ ದಖ್ಖಣದ ಪ್ರಸ್ಥಭೂಮಿಯಲ್ಲಿ ಇಂಥ ಹಿಮವಿರಲಿಲ್ಲ. ಆದುದರಿಂದ ಸಹಜವಾದ ಸರೋವರಗಳೂ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ನೀರನ್ನು ನಿಲ್ಲಿಸಿದವನು ಮನುಷ್ಯ. ಎರಡು ದಿನ್ನೆಗಳ ನಡುವೆ ಮಣ್ಣಿನ ಏರಿ ಹಾಕಿ, ಹೊಲಗಳಿಗೆ ನೀರು ಬಿಡಲು ತೂಬನ್ನಿಟ್ಟು, ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಬೀಳಲು ಕೋಡಿಯನ್ನು ಕಟ್ಟಿ, ನಮ್ಮ ಹಿರಿಯರು ಕೆರೆಗಳನ್ನು ಮಾಡಿದರು. ಕರ್ನಾಟಕದಲ್ಲಿ ಇಂಥ ಕೆರೆಗಳು 36,000ಕ್ಕೂ ಮಿಕ್ಕಿವೆಯೆಂದು ಎಣಿಕೆ. ಈ ಭೇದವನ್ನು ವಾಚಕರು ಚೆನ್ನಾಗಿ ನೆನಪಿಡಬೇಕು. ಹಿಮನದಿ ಮಾಡಿದ ಸರೋವರವು ಯಾರ ಆರೈಕೆಯೂ ಇಲ್ಲದೆ ಸಾವಿರಾರು ವರ್ಷ ಬಾಳಬಲ್ಲದು. ಮನುಷ್ಯ ಮಾಡಿದ ಕೆರೆಯು ಮನುಷ್ಯ ನೋಡಿಕೊಳ್ಳುವಷ್ಟು ದಿನ ಮಾತ್ರ ಕೆರೆಯಾಗಿರುವದು.

ಚೈತ್ರ-ವೈಶಾಖ: ಕಾಣದೆ ಏರುವ ನೀರು

ಬೇಸಗೆಯ ಸೂಟಿಯಿಂದ ಆರಂಭಿಸೋಣ. ಧಾರವಾಡವು ಭೂಮಧ್ಯರೇಖೆಯಿಂದ ಬಡಗಲಿಗೆ ಸುಮಾರು ಹದಿನೈದೂವರೆ ಅಂಶ ದೂರದಲ್ಲಿದೆ. ಆದುದರಿಂದ ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟಿನ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ಸೂರ್ಯನು ನಮ್ಮ ನೆತ್ತಿಯ ನೇರಕ್ಕೆ ಬರುವನು. ಆಗಸ್ಟಿನಲ್ಲಿ ಮೋಡಗಳು ಅವನನ್ನು ಮರೆಮಾಡುವವು. ಮೇ ತಿಂಗಳಲ್ಲಿ ಮರೆಯಿಲ್ಲ. ಮಧ್ಯಾಹ್ನದ ಆ ಬಿಸಿಲಿನಲ್ಲಿ ಏರಿಯ ಮೇಲಿನ ಮರದ ನೆರಳಿಗೆ ಕುಳಿತರೆ ನೀರಿನ ಕಡೆಯಿಂದ ತಂಪು ಗಾಳಿ ಬೀಸುವದು. ಇದಕ್ಕೆ ಕಾರಣವೇನು?

ನೀರು ಬಿಸಿಯಾಗಲು ಒಣಮಣ್ಣಿಗಿಂತ ಎಷ್ಟೋ ಹೆಚ್ಚು ಶಾಖ ಬೇಕು. ಅಲ್ಲದೆ, ಒಂದು ಗ್ರಾಮು ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿಗಳಷ್ಟು ಶಾಖವನ್ನು ಸುತ್ತಲಿನಿಂದ ಸೆಳೆದುಕೊಳ್ಳುವದು. ಮಣ್ಣಿನ ಹೂಜಿಯ ನೀರು ತಂಪಾಗುವದೂ ಕೆರೆಯ ದಂಡೆ ತಂಪಾಗಿರುವದೂ ಒಂದೇ ನಿಯಮದಿಂದ.

ಆದರೆ ಈ ತಂಪಿಗೆ ಕೆರೆಯು ಬೆಲೆ ಕೊಡಬೇಕಾಗುತ್ತದೆ. ನಮ್ಮ ಬಯಲುಸೀಮೆಯ ಕಡುಬೇಸಗೆಯಲ್ಲಿ ತೆರೆದ ನೀರಿನ ಮೇಲ್ಮೈಯಿಂದ ದಿನಕ್ಕೆ ಒಂದು ಸೆಂಟಿಮೀಟರಿಗೆ ಹತ್ತಿರದಷ್ಟು ನೀರು ಆರಿಹೋಗಬಲ್ಲದು. ಉಣಕಲ್ ಕೆರೆಯ ವಿಸ್ತಾರ ಸುಮಾರು 200 ಎಕರೆ, ಎಂದರೆ ಹೆಚ್ಚುಕಡಿಮೆ 8,10,000 ಚದರ ಮೀಟರು. ಅದರ ಮೇಲಿನ ಒಂದೇ ಒಂದು ಸೆಂಟಿಮೀಟರಿನ ಪದರವೆಂದರೆ 81 ಲಕ್ಷ ಲೀಟರು! ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರಿನಂತೆ ಹಂಚಿದರೆ 60,000 ಜನರಿಗೆ ಒಂದು ದಿನ ಸಾಲುವ ನೀರು, ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದೆ ಮೇಲಕ್ಕೆ ಹೋಯಿತು. ಈ ಕಾರಣದಿಂದಲೇ ಒಂದೇ ಪ್ರಮಾಣದ ನೀರನ್ನು ಹಿಡಿಯುವ ಎರಡು ಕೆರೆಗಳಲ್ಲಿ ಆಳವಾದ ಕೆರೆಯು ಹೆಚ್ಚು ದಿನ ಬಾಳುವದು, ಹರವಾದ ಕೆರೆಯು ಬೇಗನೆ ಬತ್ತುವದು. ಹೂಳು ತುಂಬಿದ ಕೆರೆಯು ಆಳವನ್ನು ಕಳೆದುಕೊಂಡು ಹರವನ್ನು ಮಾತ್ರ ಉಳಿಸಿಕೊಂಡಿರುತ್ತದೆ. ಹಿಂದಿನವರು ಬೇಸಗೆಯಲ್ಲಿ ಬತ್ತಿದ ಕೆರೆಯ ಗೋಡು ಮಣ್ಣನ್ನು ಚಕ್ಕಡಿಗಳಲ್ಲಿ ಹೇರಿಕೊಂಡು ಹೋಗಿ ಹೊಲಗಳಿಗೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ದೊರೆಯಿತು.

ಜ್ಯೇಷ್ಠ-ಆಷಾಢ: ಮಣ್ಣಿನ ಎತ್ತು, ಮಧ್ಯರಾತ್ರಿಯ ಬೆಳಕು

ಜೂನ್ ತಿಂಗಳು ಎರಡೂ ನಾಡುಗಳಿಗೆ ಹಬ್ಬದ ಕಾಲ. ಫಿನ್ಲಂಡಿನಲ್ಲಿ ಜೂನ್ 20ರಿಂದ 26ರ ನಡುವೆ ಬರುವ ಶನಿವಾರವನ್ನು ‘ಯುಹಾನ್ನುಸ್’ ಎಂದು ಆಚರಿಸುವರು. ಪಟ್ಟಣಗಳು ಬರಿದಾಗಿ ಜನರೆಲ್ಲ ಸರೋವರದ ದಂಡೆಗೆ ಸೇರುವರು. ಹಬ್ಬದ ಹಿಂದಿನ ಸಂಜೆ ನೀರಿನ ಅಂಚಿನಲ್ಲಿ ದೊಡ್ಡ ಬೆಂಕಿಯನ್ನು ಹೊತ್ತಿಸುವರು. ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಅಂಶ ವಾಲಿರುವದರಿಂದ ಆ ದಿನಗಳಲ್ಲಿ ಬಡಗಣ ಧ್ರುವವು ಸೂರ್ಯನತ್ತ ಬಾಗಿರುತ್ತದೆ. ಅಲ್ಲಿಯ ಸರೋವರ ಪ್ರದೇಶದಲ್ಲಿ ಆಗ ಹಗಲಿನ ಉದ್ದ ಸುಮಾರು 20 ತಾಸು. ದೇಶದ ಬಡಗಣ ಭಾಗದಲ್ಲಂತೂ ಸೂರ್ಯನು ಮುಳುಗುವದೇ ಇಲ್ಲ. ಅದೇ ದಿನ ಧಾರವಾಡದಲ್ಲಿ ಹಗಲಿನ ಉದ್ದ ಹದಿಮೂರು ತಾಸು ಮಾತ್ರ.

ನಮ್ಮಲ್ಲಿ ಸರಿಸುಮಾರು ಇದೇ ಹೊತ್ತಿಗೆ ಕಾರಹುಣ್ಣಿಮೆಯೂ ಮಣ್ಣೆತ್ತಿನ ಅಮಾವಾಸ್ಯೆಯೂ ಬರುವವು. ಕೆರೆಯ ದಂಡೆಯ, ಇಲ್ಲವೆ ಹೊಲದ ಜಿಗುಟು ಮಣ್ಣನ್ನು ತಂದು ಜೋಡೆತ್ತುಗಳನ್ನು ಮಾಡಿ ಪೂಜಿಸುವ ಈ ಹಬ್ಬವನ್ನು ವಿಜ್ಞಾನದ ವಿದ್ಯಾರ್ಥಿಯು ಇನ್ನೊಂದು ಕಣ್ಣಿನಿಂದಲೂ ನೋಡಬಹುದು. ಎಲ್ಲ ಮಣ್ಣಿನಿಂದಲೂ ಎತ್ತು ಆಗುವದಿಲ್ಲ. ಮರಳು ಮಣ್ಣು ಉದುರಿಹೋಗುವದು. ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮವಾದ ಚಪ್ಪಟೆ ಹಾಳೆಗಳಂತಿರುವದರಿಂದ, ನಡುವೆ ನೀರು ಸೇರಿದಾಗ ಒಂದರ ಮೇಲೊಂದು ಜಾರುವವು, ಆದರೆ ಬಿಟ್ಟು ಹೋಗುವದಿಲ್ಲ. ಈ ಗುಣದಿಂದಲೇ ಕೆರೆಯ ತಳವು ನೀರನ್ನು ಇಂಗಗೊಡದೆ ಹಿಡಿದಿಡುವದು. ಎತ್ತು ನಿಲ್ಲುವ ಮಣ್ಣಿನಲ್ಲಿ ಕೆರೆಯೂ ನಿಲ್ಲುವದೆಂದರೆ ತಪ್ಪಾಗಲಾರದು.

ಮಳೆ ಹಿಡಿಯಿತೆಂದರೆ ಕೆರೆಯ ದಂಡೆಯ ನಿಜವಾದ ನಾಟಕ ಮೊದಲಾಗುವದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರು. ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ 80 ಸೆಂಟಿಮೀಟರಿನಷ್ಟು ಮಳೆಯಾಗುವದು. ಒಂದು ಕೆರೆಗೆ ನೀರು ಹರಿದುಬರುವ ನೆಲವು 10 ಚದರ ಕಿಲೋಮೀಟರು ಇದೆಯೆಂದೂ ಬಿದ್ದ ಮಳೆಯಲ್ಲಿ ಕಾಲು ಪಾಲು ಮಾತ್ರ ಹರಿದು ಕೆರೆಗೆ ಸೇರಿತೆಂದೂ ಎಣಿಸಿದರೆ, ವರ್ಷಕ್ಕೆ 200 ಕೋಟಿ ಲೀಟರು ನೀರು ಬರುವದು. ಕೆರೆಯೆಂದರೆ ನಮ್ಮ ಕಣ್ಣಿಗೆ ಕಾಣುವ ನೀರು ಮಾತ್ರವಲ್ಲ. ಆ ನೀರನ್ನು ಕಳಿಸುವ ಇಡೀ ನೆಲವೇ ಕೆರೆ. ಆ ನೆಲದಲ್ಲಿ ಹರಿದುಬರುವ ಹಳ್ಳಗಳನ್ನು ಮುಚ್ಚಿದರೆ, ಏರಿ ಭದ್ರವಾಗಿದ್ದರೂ ಕೆರೆ ಬರಿದಾಗುವದು. ಮುಚ್ಚಿದ ಹಳ್ಳದ ನೀರಾದರೋ ತನ್ನ ದಾರಿಯನ್ನು ಮರೆಯುವದಿಲ್ಲ. ದೊಡ್ಡ ಮಳೆಯ ದಿನ ಮನೆಗಳನ್ನು ಹೊಕ್ಕು ನೆನಪು ಮಾಡಿಕೊಡುವದು.

ಇನ್ನೊಂದು ವಿಶೇಷವನ್ನು ಇಲ್ಲಿ ಹೇಳಬೇಕು. ನಮ್ಮ ಅವಳಿ ನಗರವು ಎರಡು ಸಮುದ್ರಗಳ ನೀರು ಬೇರ್ಪಡುವ ದಿನ್ನೆಯ ಮೇಲಿದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಪಡುವಣಕ್ಕೆ ಹರಿದು, ಬೇಡ್ತಿಯನ್ನು ಕೂಡಿ, ಮುಂದೆ ಗಂಗಾವಳಿಯೆನಿಸಿಕೊಂಡು ಅರಬ್ಬೀ ಸಮುದ್ರವನ್ನು ಸೇರುವದು. ಮೂಡಲಿಗೆ ಬಿದ್ದ ಹನಿಯಾದರೋ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ದಾರಿಯಿಂದ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಲದ ಉಪಸಾಗರಕ್ಕೆ ಹೋಗುವದು. ದಿನ್ನೆಯ ಮೇಲಿರುವ ಊರಿಗೆ ದೊಡ್ಡ ಹೊಳೆಯ ಭಾಗ್ಯವಿಲ್ಲ. ಎಲ್ಲ ಹೊಳೆಗಳೂ ಇಲ್ಲಿಂದ ಹೊರಟುಹೋಗುವವೇ ಹೊರತು ಇಲ್ಲಿಗೆ ಬರುವದಿಲ್ಲ. ಕೆರೆಗಳ ಬೆಲೆ ನಮಗೆ ಇತರರಿಗಿಂತ ಹೆಚ್ಚಾಗಿರಬೇಕಾದುದು ಇದರಿಂದಲೇ. 2017ರ ಸುಮಾರಿನ ಬರಗಾಲದಲ್ಲಿ ನೀರಸಾಗರದ ತಳ ಬಿರುಕು ಬಿಟ್ಟಿತ್ತು. 2019ರ ಆಗಸ್ಟ್ ತಿಂಗಳಿನ ಮಳೆಗೆ ಅದೇ ಜಲಾಶಯವು ತುಂಬಿ ಹೊರಚೆಲ್ಲಿತು. ಎರಡು ವರ್ಷಗಳಲ್ಲಿ ಇಷ್ಟು ಅಂತರ!

ಭಾದ್ರಪದ-ಆಶ್ವಯುಜ: ಹೂವಿನ ಹೊದಿಕೆ

ದಸರೆಯ ಸೂಟಿಯ ಹೊತ್ತಿಗೆ ಮಳೆ ಇಳಿಮುಖವಾಗಿ ಕೆರೆಗಳು ತುಂಬಿರುತ್ತವೆ. ಶೀಗಿ ಹುಣ್ಣಿಮೆಗೆ ರೈತರು ಹೊಲಗಳಲ್ಲಿ ಚರಗ ಚೆಲ್ಲಿ, ಬಂದವರಿಗೆಲ್ಲ ಊಟ ಹಾಕುವರು. ಕೆಂಪು ಬಣ್ಣದ ನೀರು ತಿಳಿಯಾಗತೊಡಗುವದೂ ಆಗಲೇ. ದೊಡ್ಡ ಕಣಗಳು ಕೆಲವು ತಾಸುಗಳಲ್ಲಿ ತಳ ಸೇರಿದರೆ, ಜೇಡಿಯ ನುಣುಪಾದ ಕಣಗಳು ನೀರಿನಲ್ಲಿ ವಾರಗಟ್ಟಲೆ ತೇಲಾಡುವವು.

ನೀರು ತಿಳಿಯಾಗುವ ಈ ಕಾಲದಲ್ಲಿಯೇ ಕೆರೆಯ ಮೇಲೆ ನೇರಳೆ ಬಣ್ಣದ ಹೂಗಳ ಹಸಿರು ಹೊದಿಕೆಯೊಂದು ಕಾಣಿಸಿಕೊಳ್ಳುವದುಂಟು. ಹೊಸಬರು ಅದನ್ನು ಕಂಡು ‘ಎಷ್ಟು ಚೆಲುವು!’ ಎನ್ನುವರು. ಜನರು ಅಂತರಗಂಗೆ ಎಂದು ಕರೆಯುವ ಈ ಸಸ್ಯದ ತೌರುಮನೆ ದಕ್ಷಿಣ ಅಮೇರಿಕೆಯ ಅಮೆಝಾನ್ ಕೊಳ್ಳ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೂವಿನ ಅಂದಕ್ಕಾಗಿ ಬಂಗಾಲಕ್ಕೆ ತಂದದ್ದು ನಾಡೆಲ್ಲ ಹಬ್ಬಿತು. ಅದರ ಎಲೆಯ ತೊಟ್ಟು ಉಬ್ಬಿ, ಒಳಗೆ ಗಾಳಿ ತುಂಬಿ, ದೋಣಿಯಂತೆ ತೇಲುವದು. ಅನುಕೂಲವಾದ ನೀರಿನಲ್ಲಿ ಅದು ಎರಡು ವಾರಗಳಲ್ಲಿ, ಕೆಲವೊಮ್ಮೆ ಇನ್ನೂ ಬೇಗ, ಇಮ್ಮಡಿಯಾಗುವದು.

ಇಮ್ಮಡಿಯೆಂಬ ಮಾತಿನ ಬಲವನ್ನು ಲೆಕ್ಕ ಮಾಡಿ ನೋಡೋಣ. ಉಣಕಲ್ ಕೆರೆಯಷ್ಟು ದೊಡ್ಡ ನೀರಿನಲ್ಲಿ ಒಂದು ಚದರ ಮೀಟರು ಅಂತರಗಂಗೆ ಇದೆಯೆಂದಿರಲಿ. ಅದು ಎರಡು ವಾರಕ್ಕೊಮ್ಮೆ ಇಮ್ಮಡಿಯಾದರೆ 32 ವಾರಗಳ ಕೊನೆಗೆ 65,536 ಚದರ ಮೀಟರಾಗುವದು. ಇಡೀ ಕೆರೆಯ ಹನ್ನೆರಡನೆಯ ಒಂದು ಪಾಲು ಮಾತ್ರ. ದಂಡೆಯಲ್ಲಿ ನಿಂತು ನೋಡಿದವರು ‘ಅಡ್ಡಿಯಿಲ್ಲ, ಬೇಕಾದಷ್ಟು ನೀರು ತೆರವಾಗಿದೆ’ ಎಂದು ಮನೆಗೆ ಹೋಗುವರು. ಮುಂದೆ ಎಂಟೇ ವಾರಗಳಲ್ಲಿ, ಎಂದರೆ ನಾಲ್ಕೇ ಇಮ್ಮಡಿಗಳಲ್ಲಿ, ಕೆರೆ ಪೂರ್ತಿಯಾಗಿ ಮುಚ್ಚಿಹೋಗಿರುತ್ತದೆ! ಉಣಕಲ್ ಕೆರೆಯ ಮೇಲೆ ಅಂತರಗಂಗೆ ಹಬ್ಬಿದುದನ್ನೂ ಅದನ್ನು ಕಷ್ಟಪಟ್ಟು ಎತ್ತಿ ಹಾಕಿದುದನ್ನೂ ಅವಳಿ ನಗರದವರು ಒಮ್ಮೆಯಲ್ಲ, ಹಲವು ಸಲ ಕಂಡಿದ್ದಾರೆ. ಎತ್ತಿದ ಮೇಲೆಯೂ ಅದು ಮರಳಿ ಬರುವದೇಕೆ ಎಂಬುದನ್ನು ಮುಂದೆ ನೋಡುವೆವು.

ಮಾರ್ಗಶಿರ-ಪುಷ್ಯ: ಮೇಲಿನಿಂದ ಹೆಪ್ಪುಗಟ್ಟುವ ವಿಚಿತ್ರ

ಚಳಿಗಾಲ ಬಂದಿತು. ಫಿನ್ಲಂಡಿನ ಸರೋವರ ಪ್ರದೇಶದಲ್ಲಿ ಡಿಸೆಂಬರಿನ ಕೊನೆಗೆ ಹಗಲು ಐದು ತಾಸು ಮಾತ್ರ. ಸರೋವರಗಳು ಹೆಪ್ಪುಗಟ್ಟಿ ವಸಂತದವರೆಗೆ ಹಾಗೆಯೇ ಇರುವವು. ಗಟ್ಟಿಯಾದ ಹೊಸ ಮಂಜುಗಡ್ಡೆಯು 5 ಸೆಂಟಿಮೀಟರು ದಪ್ಪವಾದರೆ ಒಬ್ಬ ಮನುಷ್ಯನನ್ನು ಹೊರಬಲ್ಲದು. 20 ಸೆಂಟಿಮೀಟರಾದರೆ ಮೋಟಾರು ಗಾಡಿಯನ್ನೇ ಹೊರಬಲ್ಲದು. ಜನರು ಅದರಲ್ಲಿ ತೂತು ಕೊರೆದು, ಪುಟ್ಟ ಪೀಠದ ಮೇಲೆ ಕುಳಿತು, ಗಾಳ ಇಳಿಬಿಟ್ಟು ಮೀನು ಹಿಡಿಯುವರು. ದಂಡೆಯ ಮೇಲಿನ ‘ಸೌನಾ’ ಎಂಬ ಮರದ ಕೋಣೆಯಲ್ಲಿ 80 ಅಂಶ ಸೆಂಟಿಗ್ರೇಡಿಗೂ ಮಿಕ್ಕಿದ ಶಾಖದಲ್ಲಿ ಕುಳಿತು ಬೆವತು, ಎದ್ದು ಬಂದು ಅದೇ ಮಂಜಿನ ತೂತಿನಲ್ಲಿ ಮುಳುಗಿ ಏಳುವವರೂ ಉಂಟು. ಅಷ್ಟು ಬಿಸಿಯ ನೀರಿನಲ್ಲಿ ಮೈ ಬೆಂದುಹೋಗುತ್ತಿತ್ತು. ಆದರೆ ಒಣಗಾಳಿಯು ನೀರಿನಂತೆ ಬೇಗನೆ ಶಾಖವನ್ನು ಮೈಗೆ ಮುಟ್ಟಿಸಲಾರದು, ಮೇಲಾಗಿ ಬೆವರು ಆರುತ್ತ ಚರ್ಮವನ್ನು ತಂಪಾಗಿಡುವದು. ಈ ಸೌನಾ ಸಂಪ್ರದಾಯವನ್ನು 2020ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಂಜಿನ ಕೆಳಗೆ ಮೀನುಗಳು ಬದುಕಿರುವದು ಹೇಗೆ? ನೀರಿನ ಒಂದು ವಿಚಿತ್ರ ಗುಣವೇ ಇದಕ್ಕೆ ಕಾರಣ. ಸಾಮಾನ್ಯವಾಗಿ ವಸ್ತುಗಳು ತಣಿದಷ್ಟೂ ಕುಗ್ಗಿ ಭಾರವಾಗುವವು. ನೀರೂ 4 ಅಂಶದವರೆಗೆ ಹಾಗೆಯೇ ಮಾಡುವದು; ಅದಕ್ಕಿಂತ ತಣ್ಣಗಾದರೆ ತಿರುಗಿ ಹಿಗ್ಗಿ ಹಗುರಾಗುವದು. ಹೆಪ್ಪುಗಟ್ಟಿದಾಗಲಂತೂ ಅದರ ಗಾತ್ರವು ನೂರಕ್ಕೆ ಒಂಬತ್ತರಷ್ಟು ಹೆಚ್ಚುವದು. ಆದುದರಿಂದ 4 ಅಂಶಕ್ಕೆ ಹತ್ತಿರವಾದ ಭಾರದ ನೀರು ತಳದಲ್ಲಿ ಉಳಿದು, ಇನ್ನೂ ತಣ್ಣಗಿನ ನೀರು ಮೇಲೆ ನಿಂತು ಹೆಪ್ಪುಗಟ್ಟುವದು. ಮೇಲಿನ ಮಂಜು ಕಂಬಳಿಯಂತೆ ಕೆಳಗಿನ ನೀರನ್ನು ಕಾಪಾಡುವದು. ನೀರಿಗೆ ಈ ಗುಣವಿರದಿದ್ದರೆ ಸರೋವರಗಳು ತಳದಿಂದ ಹೆಪ್ಪುಗಟ್ಟಿ ಶೀತದೇಶಗಳ ಮೀನುಗಳಿಗೆ ನೆಲೆಯೇ ಇರುತ್ತಿರಲಿಲ್ಲ.

ನಮ್ಮ ಕೆರೆಗಳಿಗೆ ಈ ಗತಿ ಬರುವದಿಲ್ಲ. ಆದರೂ ಪುಷ್ಯಮಾಸದ ನಸುಕಿನಲ್ಲಿ ಕೆಲಗೇರಿಯ ಏರಿಯ ಮೇಲೆ ನಿಂತವರಿಗೆ ನೀರಿನ ಮೇಲೆ ಬಿಳಿಯ ಹಬೆಯಾಡುವದು ಕಂಡೀತು. ರಾತ್ರಿ ಗಾಳಿ ಬೇಗನೆ ತಣಿಯುವದು, ನೀರು ತಡವಾಗಿ ತಣಿಯುವದು. ಬೆಚ್ಚಗಿನ ನೀರಿನಿಂದೆದ್ದ ಆವಿಯು ತಣ್ಣನೆಯ ಗಾಳಿಯಲ್ಲಿ ಸಣ್ಣ ಹನಿಗಳಾಗುವದು. ಮೇಲಿನ ನೀರು ತಣಿದು ಭಾರವಾಗಿ ಕೆಳಗಿಳಿದು, ಕೆಳಗಿನದು ಮೇಲೆ ಬರುವದೂ ಇದೇ ಹೊತ್ತಿಗೆ. ಫಿನ್ಲಂಡಿನ ಆಳವಾದ ಸರೋವರದಲ್ಲಿ ವಸಂತ-ಶರದೃತುಗಳಲ್ಲಿ, ವರ್ಷಕ್ಕೆ ಎರಡು ಸಲ ನಡೆಯುವ ಈ ಕಲಕಾಟವು ನಮ್ಮ ಆಳವಿಲ್ಲದ ಕೆರೆಗಳಲ್ಲಿ ಎಷ್ಟೋ ಸಲ ಒಂದೇ ರಾತ್ರಿಯಲ್ಲಿ ಮುಗಿಯುವದು.

ಎಳ್ಳಮಾವಾಸ್ಯೆ, ಸಂಕ್ರಾಂತಿಗಳು ಬುತ್ತಿಯ ಹಬ್ಬಗಳು. ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾದ ಹೋಳಿಗೆಗಳೊಂದಿಗೆ ಹೊಲಕ್ಕೋ ಹೊಳೆ-ಕೆರೆಗಳ ದಂಡೆಗೋ ಹೋಗಿ ಉಣ್ಣುವದು ನಮ್ಮ ಕಡೆಯ ರೂಢಿ. ಫಿನ್ಲಂಡಿನವರು ಮೊಕ್ಕಿಗೆ ಹೋಗುವದನ್ನು ಕಂಡು ಬೆರಗಾಗುವ ನಾವು, ನಮ್ಮ ಹಬ್ಬಗಳ ಸಾಲಿನಲ್ಲಿಯೇ ಅಂಥ ರೂಢಿಯು ಅಡಗಿರುವದನ್ನು ಮರೆಯಬಾರದು.

ಆ ದಿನಗಳಲ್ಲಿ ಮಾಗಡಿಯ ಕೆರೆಗೆ ಹೋದವರಿಗೆ ಬೇರೊಂದು ಬಗೆಯ ಅತಿಥಿಗಳ ದರ್ಶನವಾಗುವದು. ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಮುಂತಾದ ಎತ್ತರದ ನಾಡುಗಳಿಂದ ಹಿಮಾಲಯವನ್ನು ದಾಟಿ ಸಾವಿರ ಸಾವಿರವಾಗಿ ಇಲ್ಲಿಗೆ ಬರುವವು. ಇವು 7,000 ಮೀಟರಿಗೂ ಮೇಲೆ ಹಾರಿದುದನ್ನು ವಿಜ್ಞಾನಿಗಳು ಅವುಗಳ ಮೈಗೆ ಕಟ್ಟಿದ ಯಂತ್ರಗಳಿಂದ ಅಳೆದಿದ್ದಾರೆ. ಅಷ್ಟು ಎತ್ತರದಲ್ಲಿ ಆಮ್ಲಜನಕವು ಕೆಳಗಿನ ಅರ್ಧಕ್ಕಿಂತಲೂ ಕಡಿಮೆ. ಈ ಹಕ್ಕಿಯ ಪುಪ್ಪುಸಗಳು ದೊಡ್ಡವು; ಅದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇತರ ಬಾತುಗಳದಕ್ಕಿಂತ ಬಿಗಿಯಾಗಿ ಹಿಡಿಯಬಲ್ಲದು. ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದೊಡನೆ ಸುತ್ತಲಿನ ಹೊಲಗಳಿಗೆ ಹಾರಿ ಮೇಯುವವು. ಆ ಹೊಲಗಳು ರೈತರವೆಂಬುದನ್ನು ಮರೆಯಲಾಗದು. ಹಳ್ಳಿಯವರು ಈ ಅತಿಥಿಗಳನ್ನು ಸಹಿಸಿಕೊಂಡು ಬಂದುದರಿಂದಲೇ ಇವು ಪ್ರತಿವರ್ಷವೂ ಮರಳುತ್ತಿವೆ. ಸುಮಾರು 54 ಹೆಕ್ಟೇರಿನ ಈ ಹಳ್ಳಿಯ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ‘ರಾಮ್ಸಾರ್’ ಜಲಭೂಮಿಯೆಂಬ ಮಾನ್ಯತೆ ದೊರೆಯಿತು.

ಕೆರೆಯ ಬೇನೆ ಮತ್ತು ಅದರ ಮದ್ದು

ಈಗ ಅಂತರಗಂಗೆಯ ಪ್ರಶ್ನೆಗೆ ಬರೋಣ. ಗಿಡಕ್ಕೆ ಗೊಬ್ಬರ ಬೇಕು. ನೀರಿನ ಗಿಡಕ್ಕೂ ಬೇಕು. ಮನೆಗಳ ಹೊಲಸು ನೀರಿನಲ್ಲಿ ಸಾರಜನಕವೂ ರಂಜಕವೂ ಹೇರಳವಾಗಿರುವವು. ಆ ನೀರು ಕೆರೆಗೆ ಹರಿದರೆ, ಹೊಲಕ್ಕೆ ಹಾಕಬೇಕಾದ ಗೊಬ್ಬರವನ್ನು ಕೆರೆಗೆ ಹಾಕಿದಂತಾಗುವದು. ಸಸ್ಯಗಳೂ ಪಾಚಿಯೂ ಮಿತಿಮೀರಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವವು. ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುವವು. ಒಂದು ಲೀಟರು ನೀರು 0 ಅಂಶದಲ್ಲಿ 14.6 ಮಿಲಿಗ್ರಾಮು ಆಮ್ಲಜನಕವನ್ನು ಹಿಡಿದರೆ, 30 ಅಂಶದಲ್ಲಿ 7.6 ಮಿಲಿಗ್ರಾಮು ಮಾತ್ರ ಹಿಡಿಯಬಲ್ಲದು. ಎಂದರೆ ನಮ್ಮ ಕೆರೆಯು ಹುಟ್ಟಿನಿಂದಲೇ ಅರ್ಧ ಉಸಿರಿನದು. ಅದರ ಮೇಲೆ ಹೊಲಸಿನ ಭಾರವನ್ನೂ ಹೇರಿದರೆ ಮೀನುಗಳು ಒಂದೇ ರಾತ್ರಿಯಲ್ಲಿ ಸತ್ತು ತೇಲುವದರಲ್ಲಿ ಆಶ್ಚರ್ಯವೇನು? ಅಂತರಗಂಗೆಯು ಬೇನೆಯಲ್ಲ, ಬೇನೆಯ ಗುರುತು. ಗಿಡವನ್ನು ಕಿತ್ತು ಹೊಲಸನ್ನು ಹಾಗೆಯೇ ಬಿಟ್ಟರೆ, ಜ್ವರವನ್ನು ಬಿಟ್ಟು ಬೆವರನ್ನು ಒರೆಸಿದಂತಾಗುವದು.

ಇಂಥ ಬೇನೆಯು ಬಡನಾಡುಗಳಿಗೆ ಮಾತ್ರ ಬರುವದೆಂದು ತಿಳಿಯಬಾರದು. ಫಿನ್ಲಂಡಿನ ಲಾಹ್ತಿ ಎಂಬ ನಗರದ ಮಗ್ಗುಲಿಗೆ ವೆಸಿಯಾರ್ವಿ ಎಂಬ ಸರೋವರವಿದೆ. ಅದು ಒಂದು ಕಾಲಕ್ಕೆ ತಿಳಿನೀರಿಗೆ ಹೆಸರಾಗಿತ್ತು. ನಗರವು ಬೆಳೆದು ಅದರ ಹೊಲಸು ನೀರೆಲ್ಲ ಸರೋವರಕ್ಕೆ ಸೇರತೊಡಗಿತು. ನೀರು ಹಸಿರಾಗಿ ನಾರಿತು. 1976ರಲ್ಲಿ ಹೊಲಸು ನೀರನ್ನು ಬೇರೆಡೆಗೆ ತಿರುಗಿಸಿದರು. ಆದರೂ ಸರೋವರ ಗುಣವಾಗಲಿಲ್ಲ! ವರ್ಷಗಟ್ಟಲೆ ತಳದ ಕೆಸರಿನಲ್ಲಿ ಸೇರಿದ್ದ ರಂಜಕವು ಮರಳಿ ನೀರಿಗೆ ಬರುತ್ತಲೇ ಇತ್ತು. ಪಾಚಿಯನ್ನು ತಿನ್ನುವ ಸಣ್ಣ ಜಲಜೀವಿಗಳನ್ನು ತಿಂದು, ಕೆಸರನ್ನು ಕೆದಕುವ ಒಂದು ಜಾತಿಯ ಮೀನುಗಳು ಅತಿಯಾಗಿ ಹೆಚ್ಚಿದ್ದವು. 1989ರಿಂದ 1993ರವರೆಗೆ ಇಂಥ ಮೀನುಗಳನ್ನು ಸುಮಾರು 1,000 ಟನ್ನಿನಷ್ಟು ಬಲೆಹಾಕಿ ತೆಗೆದರು. ಅವುಗಳನ್ನು ತಿನ್ನುವ ದೊಡ್ಡ ಮೀನುಗಳನ್ನು ಬಿಟ್ಟರು. ನೀರು ತಿಳಿಯಾಯಿತು. ಆದರೆ ಮುಂದೆ ಕೆಲವು ಬೇಸಗೆಗಳಲ್ಲಿ ಪಾಚಿ ಮತ್ತೆ ತಲೆಯೆತ್ತಿತು. ಆರೈಕೆಯನ್ನು ಅವರು ಇಂದಿಗೂ ಬಿಟ್ಟಿಲ್ಲ. ಅದೇ ಲಾಹ್ತಿ ನಗರವನ್ನು 2021ನೆಯ ವರ್ಷಕ್ಕೆ ಯುರೋಪಿನ ಹಸಿರು ರಾಜಧಾನಿಯೆಂದು ಆರಿಸಲಾಯಿತು.

ಈ ಕಥೆಯಿಂದ ಮೂರು ಪಾಠಗಳು ದೊರೆಯುವವು. ಮೊದಲನೆಯದಾಗಿ, ಹೊಲಸು ನೀರನ್ನು ತಡೆಯದೆ ಬೇರಾವ ಉಪಾಯವೂ ಫಲಿಸದು. ಎರಡನೆಯದಾಗಿ, ತಡೆದ ಮೇಲೆಯೂ ಹಳೆಯ ಹೂಳಿನ ಸಾಲ ತೀರುವವರೆಗೆ ತಾಳ್ಮೆ ಬೇಕು. ಮೂರನೆಯದಾಗಿ, ಕೆಟ್ಟ ನೀರು ಪುನಃ ಒಳ್ಳೆಯದಾಗಬಲ್ಲದು. ನಮ್ಮ ಕೆರೆಗಳಿಗೆ ಒಂದು ಅನುಕೂಲವೂ ಉಂಟು. ಬೇಸಗೆಯಲ್ಲಿ ನೀರು ಇಳಿದಾಗ ನಾವು ಕೆಸರನ್ನೇ ಎತ್ತಿ ಹೊರಗೆ ಹಾಕಬಹುದು. ವೆಸಿಯಾರ್ವಿಯವರಿಗೆ ಅದು ಸಾಧ್ಯವಿರಲಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಇದೆಲ್ಲ ಸರಕಾರದ, ನಗರಸಭೆಯ ಕೆಲಸವಲ್ಲವೆ, ವಿದ್ಯಾರ್ಥಿಗಳು ಏನು ಮಾಡಬಲ್ಲರೆಂದು ಕೇಳಬಹುದು. ವಿದ್ಯಾರ್ಥಿಗಳು ಮಾಡಬಹುದಾದ, ಬೇರೆ ಯಾರೂ ಮಾಡದಿರುವ ಒಂದು ಕೆಲಸವಿದೆ. ಅದೆಂದರೆ, ತಪ್ಪದೆ ನೋಡುವದು, ನೋಡಿದ್ದನ್ನು ಬರೆದಿಡುವದು.

ಫಿನ್ಲಂಡ್-ಸ್ವೀಡನ್ ದೇಶಗಳ ಗಡಿಯಲ್ಲಿ ಹರಿಯುವ ಟೋರ್ನಿಯೋ ನದಿಯ ಮಂಜುಗಡ್ಡೆಯು ವಸಂತದಲ್ಲಿ ಒಡೆಯುವ ದಿನವನ್ನು 1693ರಲ್ಲಿ ಒಬ್ಬ ವ್ಯಾಪಾರಿಯು ಬರೆದಿಡತೊಡಗಿದನು. ಆತನ ತರುವಾಯ ಬೇರೆಯವರು ಆ ಕೆಲಸವನ್ನು ಮುಂದುವರಿಸಿದರು. ಮುನ್ನೂರು ವರ್ಷಗಳಿಗೂ ಮಿಕ್ಕಿದ ಆ ದಿನಾಂಕಗಳ ಪಟ್ಟಿಯು ಇಂದು ಜಗತ್ತಿನ ಹವೆಯು ಬಿಸಿಯಾಗುತ್ತಿರುವದಕ್ಕೆ ಒಂದು ಬೆಲೆಬಾಳುವ ಸಾಕ್ಷಿಯಾಗಿದೆ. ಮಂಜು ಈಗ ಹಿಂದಿಗಿಂತ ಎಷ್ಟೋ ದಿನ ಮುಂಚೆ ಒಡೆಯುವದು. ಆ ವ್ಯಾಪಾರಿಯ ಹತ್ತಿರ ಇದ್ದುದು ಒಂದು ಜೊತೆ ಕಣ್ಣು, ಒಂದು ಲೇಖನಿ ಮಾತ್ರ.

ನಿಮ್ಮ ಊರಿನ ಕೆರೆ ಯಾವ ದಿನ ಕೋಡಿ ಬಿದ್ದಿತು? ಮೊದಲಿನ ವಲಸೆಯ ಹಕ್ಕಿ ಯಾವ ದಿನ ಇಳಿಯಿತು? ಏರಿಯ ಯಾವ ಮೆಟ್ಟಿಲಿನವರೆಗೆ ನೀರಿದೆ? ಅಂತರಗಂಗೆ ಎಷ್ಟು ಪಾಲು ಮುಚ್ಚಿದೆ? ತಿಂಗಳಿಗೆ ಎರಡು ಸಲ, ಒಂದೇ ಜಾಗದಲ್ಲಿ ನಿಂತು ನೋಡಿ ಒಂದು ವಹಿಯಲ್ಲಿ ಬರೆಯಿರಿ. ಅದೇ ಜಾಗದಿಂದ ಒಂದು ಚಿತ್ರವನ್ನೂ ತೆಗೆಯಿರಿ. ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯಲು ಒಂದು ಸುಲಭ ಸಾಧನವುಂಟು. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಲಜ್ಞನೂ ಆದ ಸೆಕ್ಕಿ ಎಂಬವನು ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಸಮುದ್ರದಲ್ಲಿ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಾಣದಂತಾಗುವದೆಂದು ಅಳೆದನು. ಇಂದಿಗೂ ಸರೋವರ ವಿಜ್ಞಾನಿಗಳು ಅದೇ ತಟ್ಟೆಯನ್ನು ಬಳಸುವರು. ನಿಮ್ಮ ಅಡಿಗೆಮನೆಯ ತಟ್ಟೆಗೆ ಬಿಳಿ ಬಣ್ಣ ಬಳಿದು, ತೂಕಕ್ಕೆ ಕಲ್ಲು ಕಟ್ಟಿ, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿದರೆ ಸಾಕು. ಆದರೆ ಇದನ್ನು ಶಿಕ್ಷಕರೋ ಹಿರಿಯರೋ ಜೊತೆಗಿದ್ದಾಗ, ಭದ್ರವಾದ ಕಟ್ಟೆಯ ಮೇಲಿನಿಂದಲೇ ಮಾಡಬೇಕು. ಮಣ್ಣು ಎತ್ತಿದ ಕೆರೆಗಳಲ್ಲಿ ಕಾಣದ ಗುಂಡಿಗಳಿರುವದರಿಂದ ನೀರಿಗೆ ಎಂದಿಗೂ ಇಳಿಯಬಾರದು.

ಒಂದು ವರ್ಷದ ವಹಿಯಿಂದ ಹೆಚ್ಚಿನದೇನೂ ತಿಳಿಯಲಿಕ್ಕಿಲ್ಲ. ಶಾಲೆಯ ಒಂದು ತಂಡ ಇನ್ನೊಂದಕ್ಕೆ ಒಪ್ಪಿಸುತ್ತ ಹತ್ತು ವರ್ಷ ನಡೆಸಿದರೆ, ಆ ಕೆರೆಯ ವಿಷಯದಲ್ಲಿ ಅದಕ್ಕಿಂತ ಹೆಚ್ಚು ತಿಳಿದವರು ಯಾರೂ ಇರಲಾರರು. ಕೆರೆಯ ಹೂಳೆತ್ತಬೇಕೆ, ಯಾವ ಹಳ್ಳದಿಂದ ಹೊಲಸು ಬರುತ್ತಿದೆ, ಎಷ್ಟು ನೆಲ ಒತ್ತುವರಿಯಾಯಿತು ಎಂದು ಕೇಳುವ ದಿನ ಬಂದಾಗ, ಆ ವಹಿಯೇ ಉತ್ತರ ಹೇಳುವದು. ಬರುವ ಸೂಟಿಯಲ್ಲಿ ಬುತ್ತಿಯ ಗಂಟಿನ ಜೊತೆಗೆ ಒಂದು ವಹಿಯನ್ನೂ ಕಟ್ಟಿಕೊಂಡು ನಿಮ್ಮೂರ ಏರಿಯನ್ನು ಹತ್ತಿರಿ.